ಬದರಿಯ ತುಪ್ಪವನ್ನು ಗಡಿ ದಾಟಲು ಬಿಡಲಿಲ್ಲ

ನ್ಯೂಜೆರ್ಸಿಯ ನಮ್ಮ ಸಮರ್‌ಸೆಟ್‌ನ ಬದರಿ ಎರಡು ವರ್ಷ ಒಂದೇ ಕೆಲಸ ಮಾಡಿದ್ದ. ಬ್ರಿಡ್ಜ್‌ವಾಟರ್‌ನ ಒಂದು ಔಷಧಿ ಕಂಪನಿಯ ಹಳೆಯ ಪ್ರೋಗ್ರಾಮುಗಳು ಎರಡು ಸಾವಿರದ ಇಸವಿ ಬಂದ ಕೂಡಲೇ ತಲೆಕೆಡಿಸಿಕೊಳ್ಳದಂತೆ ತಾರೀಖುಗಳನ್ನು ತಿದ್ದುವುದು. ಎರಡು ಸಾವಿರ ಬಂತು. ಏನೂ ಆಗಲಿಲ್ಲ. ಮ್ಯಾನೇಜರು ಬೆನ್ನು ತಟ್ಟಿ, ಕಾಂಟ್ರಾಕ್ಟ್ ಮುಗಿಯಿತು ಎಂದ.

ನಾವಿಬ್ಬರೂ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗಿಬರುತ್ತಿದ್ದೆವು. ಕೊನೆಯ ದಿನ ಹಿಂತಿರುಗುವಾಗ ಅವನು, "ಏನೂ ಆಗ್ದೇ ಇರ್ಲಿ ಅಂತ ಎರಡು ವರ್ಷ ದುಡ್ದೆ ಕಣಯ್ಯಾ. ಈಗ ಏನಾದ್ರೂ ಆಗ್ಬೇಕು ಅನ್ನಿಸ್ತಿದೆ," ಎಂದ.

ಇನ್ನೊಂದು ಕೆಲಸ ಹುಡುಕುತ್ತಾನೆ ಅಂದುಕೊಂಡೆ. ಅವನು ಮೋಟಾರ್‌ಸೈಕಲ್ ಕಲಿತ. ನಲವತ್ತೈದು ದಾಟಿದ ಮನುಷ್ಯ, ಕಾರಿನಲ್ಲಿ ಲೇನ್ ಬದಲಿಸುವಾಗಲೂ ಹೆಂಡತಿಯನ್ನು ಕೇಳುವವನು, ನೈರೋಬಿಯಿಂದ ಕೇಪ್‌ಟೌನಿಗೆ ಒಬ್ಬನೇ ಹೋಗುತ್ತೇನೆ ಎಂದಾಗ ಮಗಳು ಹಂಸಿನಿ, "ಡ್ಯಾಡ್, ಆರ್ ಯೂ ಓಕೇ?" ಎಂದು ಕೇಳಿದಳು. ಹೆಂಡತಿ ವಿಜಿ ತಡೆಯಲಿಲ್ಲ. ದೊಡ್ಡ ಪೀನಟ್ ಬಟರ್ ಡಬ್ಬಿಯ ತುಂಬ ತುಪ್ಪ ಕಾಯಿಸಿ ಕೊಟ್ಟಳು. "ಎಲ್ಲಾದ್ರೂ ಬೀಳಿ. ಆದ್ರೆ ಉಪವಾಸ ಮಾತ್ರ ಬೀಳ್ಬೇಡಿ," ಅಂದಳು.

ನೈರೋಬಿಯಲ್ಲಿ ಹಳೆಯ ಬೈಕೊಂದನ್ನು ಕೊಂಡು ಹೊರಟ. ಕೀನ್ಯಾ, ಟಾಂಜಾನಿಯಾ, ಜಾಂಬಿಯಾ ಕಳೆದರೂ ಆಗಬೇಕಾದ್ದು ಆಗಲೇ ಇಲ್ಲ. ಬಿಸಿಲು, ಧೂಳು, ರಸ್ತೆಗೆ ಅಡ್ಡ ಮೇಕೆಗಳು. ದಾರಿಯಲ್ಲಿ ಸಿಕ್ಕವರೆಲ್ಲ ಸಜ್ಜನರು. ತುಪ್ಪವನ್ನು ಅವನು ಮುಟ್ಟಿರಲಿಲ್ಲ. ಕಷ್ಟಕಾಲಕ್ಕೆಂದು ಇಟ್ಟುಕೊಂಡಿದ್ದ, ಕಷ್ಟ ಬಂದಿರಲಿಲ್ಲ.

ಜಾಂಬೆಜಿ ನದಿಯನ್ನು ಲಾರಿಗಳ ನಡುವೆ ಫೆರಿಯಲ್ಲಿ ದಾಟಿ ಬೋಟ್ಸ್ವಾನಾದ ದಡದಲ್ಲಿ ಇಳಿದ. ಆ ದೇಶದವರಿಗೆ ದನಗಳೆಂದರೆ ಪ್ರಾಣ. ಕಾಲುಬಾಯಿ ಜ್ವರ ಒಳಗೆ ಬರಬಾರದೆಂದು ಬೈಕಿನ ಚಕ್ರಗಳನ್ನು ಔಷಧಿ ನೀರಿನಲ್ಲಿ ಅದ್ದಿಸಿದರು, ಅವನ ಬೂಟುಗಳನ್ನೂ ಅದ್ದಿಸಿದರು. ಆಮೇಲೆ ಗೇಟಿನಲ್ಲಿದ್ದ ದಪ್ಪನೆಯ ಅಧಿಕಾರಿ ಹೆಂಗಸು ಬ್ಯಾಗಿನಿಂದ ಡಬ್ಬಿ ಎತ್ತಿ ಕೇಳಿದಳು:

"ಇದೇನು? ಎಣ್ಣೆಯೇ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬದರಿಗೆ ಅರೆಬರೆ ಉತ್ತರ ಕೊಟ್ಟು ಅಭ್ಯಾಸವಿಲ್ಲ. ಹಾಲಿನಿಂದ ಶುರು ಮಾಡಿ ಮೊಸರು, ಮಜ್ಜಿಗೆ, ಬೆಣ್ಣೆ, ಕೊನೆಗೆ ಕಾಯಿಸುವಾಗ ಹಾಕುವ ವೀಳ್ಯದೆಲೆಯವರೆಗೆ ವಿವರಿಸಿದ.

"ಅಂದರೆ ಹಸುವಿನದು."

"ಹಸುವಿನದೇ, ಮೇಡಂ. ಶುದ್ಧ."

"ಆ ಹಸು ಆರೋಗ್ಯವಾಗಿದೆಯೇ?"

ಬದರಿ ಯೋಚಿಸಿದ. "ಬೆಣ್ಣೆ ನ್ಯೂಜೆರ್ಸಿಯ ಅಂಗಡಿಯದು. ಹಸುವನ್ನು ನಾನು ನೋಡಿಲ್ಲ," ಎಂದು ಪ್ರಾಮಾಣಿಕವಾಗಿ ಹೇಳಿದ.

ಅವಳು ನಿಟ್ಟುಸಿರು ಬಿಟ್ಟಳು. ಹಾಲಿನ ಪದಾರ್ಥ ಗೇಟಿನೊಳಗೆ ಹೋಗುವಂತಿಲ್ಲ. ಗುಂಡಿಗೆ ಸುರಿಯಬೇಕು, ಇಲ್ಲವೇ ಗೇಟಿನ ಈಚೆಯೇ ತಿಂದು ಮುಗಿಸಬೇಕು.

ವಿಜಿ ಒಲೆಯ ಮುಂದೆ ನಿಂತು ಕಾಯಿಸಿದ ತುಪ್ಪವನ್ನು ಗುಂಡಿಗೆ ಸುರಿಯಲು ಅವನಿಗೆ ಮನಸ್ಸು ಬರಲಿಲ್ಲ. ಮರದ ನೆರಳಲ್ಲಿ ಸ್ಟೌ ಹಚ್ಚಿ, ಬ್ಯಾಗಿನಲ್ಲಿದ್ದ ರವೆಯನ್ನು ತುಪ್ಪದಲ್ಲಿ ಹುರಿದ. ಆ ಘಮಕ್ಕೆ, ತಪಾಸಣೆಗೆ ಕಾದು ಬೇಸತ್ತಿದ್ದ ಲಾರಿ ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಒಬ್ಬ ಪಾತ್ರೆ ತಂದ, ಇನ್ನೊಬ್ಬ ಈರುಳ್ಳಿ ತಂದ. ಉಪ್ಪಿಟ್ಟು ಮೂರು ಸಲ ಆಯಿತು. ಪ್ರತಿ ಸಲವೂ ಅದು ತುಪ್ಪದಲ್ಲಿ ತೇಲುತ್ತಿತ್ತು. ಕೆಂಪು ಟೋಪಿಯವನೊಬ್ಬ ಚಟ್ನಿಪುಡಿಯನ್ನು ಬರಿದೇ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಮತ್ತೆ ಕೈ ಚಾಚಿದ.

ಸ್ವಲ್ಪ ಹೊತ್ತಿಗೆ ಅಧಿಕಾರಿಯೇ ಬಂದು ನಿಂತಳು. ಬದರಿ ಗಾಬರಿಯಿಂದ ಎದ್ದ.

"ತಪಾಸಣೆ," ಎಂದು ಅವಳು ತಟ್ಟೆ ಹಿಡಿದಳು. ತಪಾಸಣೆ ಎರಡು ತಟ್ಟೆ ನಡೆಯಿತು. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಬದರಿ ಧರ್ಮವೆಂಬಂತೆ ಚಮಚದಲ್ಲೇ ತಿಂದು ಮುಗಿಸಿ, ಖಾಲಿ ಡಬ್ಬಿ ತೋರಿಸಿ ಗಡಿ ದಾಟಿದ.

ಮರುದಿನ ಅವನ ಹೊಟ್ಟೆ ಮಾತಾಡತೊಡಗಿತು. ಊರು ಕೇರಿ ಇಲ್ಲದ ಹೆದ್ದಾರಿ. ಬೈಕ್ ನಿಲ್ಲಿಸಿ ಪೊದೆಯ ಹಿಂದೆ ಓಡಿದ. ಕೂತು ತಲೆ ಎತ್ತಿದರೆ ಎದುರಿಗೆ ಆನೆ. ಕಿವಿ ಅಗಲಿಸಿ ನೋಡುತ್ತಿತ್ತು. ಕೊನೆಗೂ ಏನೋ ಆಗಿತ್ತು, ಆದರೆ ಅವನು ಏಳುವ ಸ್ಥಿತಿಯಲ್ಲಿರಲಿಲ್ಲ. ಬಾಯಿಗೆ ಬಂದ ಸಂಧ್ಯಾವಂದನೆಯ ಮಂತ್ರಗಳನ್ನೆಲ್ಲ ಒಂದಕ್ಕೊಂದು ಬೆರೆಸಿ ಹೇಳಿದ. ಆನೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮುಖ ತಿರುಗಿಸಿ ಹೊರಟುಹೋಯಿತು.

ಊರು ಸಿಕ್ಕಿದ ಮೇಲೆ ಮನೆಗೆ ಫೋನ್ ಮಾಡಿ, ತುಪ್ಪದಿಂದ ಆನೆಯವರೆಗೆ ಎಲ್ಲ ಹೇಳಿದ.

"ಎಣ್ಣೆ ಅಂದಿದ್ರೆ ಆಗ್ತಿರ್ಲಿಲ್ವಾ?" ಎಂದಳು ವಿಜಿ.

"ಸುಳ್ಳು ಹೇಳಿ ಇನ್ನೊಂದು ದೇಶಕ್ಕೆ ಹೋಗ್ಲಾ?"

ಫೋನಿನಲ್ಲಿ ಬಹಳ ಹೊತ್ತು ಅವಳ ನಗುವೇ ಕೇಳಿಸಿತಂತೆ.

ಕೇಪ್‌ಟೌನ್ ಮುಟ್ಟಿ, ಬೈಕ್ ಮಾರಿ, ಸಣ್ಣಗಾಗಿ ಮರಳಿದ. ಗೆಳೆಯ ಶ್ರೀನಿಯ ಮನೆಯ ಬೇಸ್‌ಮೆಂಟಿನಲ್ಲಿ ನಾವೆಲ್ಲ ಸೇರಿ ಅವನಿಂದ ಸ್ಲೈಡ್ ಶೋ ಮಾಡಿಸಿದೆವು. ಸಿಂಹ ಬರುತ್ತದೆಂದು ಕಾದವರಿಗೆ ಕಂಡಿದ್ದು ಕೈ ನೆಕ್ಕುತ್ತಿದ್ದ ಲಾರಿ ಡ್ರೈವರುಗಳು.

"ಆನೆ ಕೂಡ ನೋಡ್ಲಿಲ್ವೇನೋ?" ಶ್ರೀನಿ ಕೇಳಿದ.

"ಒಂದು ನೋಡ್ದೆ," ಎಂದ ಬದರಿ ಗಂಭೀರವಾಗಿ. "ಹತ್ತಿರದಿಂದ."

"ಮತ್ತೆ ಫೋಟೋ?"

ವಿಜಿ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಓಡಿದಳು.