ಅಳಿವೆಯ ಮೀನಿಗೆ ಆಯುಧಪೂಜೆ

ಮೈಸೂರಿನಿಂದ ಸಮುದ್ರ ಬಹಳ ದೂರ. ಆದರೂ ನಮ್ಮ ಪ್ರಯೋಗಾಲಯದ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಉಪ್ಪುನೀರಿನ ವಾಸನೆ. ಆ ನೀರನ್ನು ಬೆರೆಸುವವಳು ನಾನೇ. ಸಂಶೋಧನೆಗೆಂದು ನಾನು ಸಾಕುತ್ತಿರುವುದು ಕರಾವಳಿಯ ಅಳಿವೆಗಳಲ್ಲಿ, ಅಂದರೆ ನದಿ ಸಮುದ್ರವನ್ನು ಸೇರುವಲ್ಲಿ, ಬದುಕುವ ಒಂದು ಸಣ್ಣ ಮೀನನ್ನು. ಅರ್ಧ ಅಂಗೈಯಷ್ಟು ಗಾತ್ರ, ಅರಿಸಿನ ಬಣ್ಣದ ಮೈ. ಗಂಡು ಹೆಣ್ಣು ಜೋಡಿಯಾಗಿಯೇ ಇರುತ್ತವೆ, ಕಲ್ಲನ್ನೋ ಮಡಕೆ ಚೂರನ್ನೋ ಬಾಯಿಂದ ಉಜ್ಜಿ ಶುಚಿ ಮಾಡಿ ಅದರ ಮೇಲೆ ಮೊಟ್ಟೆ ಇಡುತ್ತವೆ.

ನನ್ನ ಪ್ರಶ್ನೆ ಹೇಳುವುದಕ್ಕೆ ಸುಲಭ. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡನ್ನು ಸಮುದ್ರ ಹೀರಿಕೊಳ್ಳುತ್ತಿದೆ, ಅದರ ನೀರು ನಿಧಾನವಾಗಿ ಆಮ್ಲದ ಕಡೆಗೆ ಸರಿಯುತ್ತಿದೆ. ಬೆಳೆದ ಮೀನು ಹೇಗೋ ತಡೆದುಕೊಳ್ಳುತ್ತದೆ, ಮೊಟ್ಟೆಗೂ ಮರಿಗೂ ಕಷ್ಟ. ಆದರೆ ಎಲ್ಲ ಮರಿಗಳಿಗೂ ಒಂದೇ ಸಮ ಕಷ್ಟವೇ? ಒಂದು ಜೋಡಿಯ ಮರಿಗಳು ಇನ್ನೊಂದು ಜೋಡಿಯವಕ್ಕಿಂತ ಹೆಚ್ಚು ತಾಳಿದರೆ, ಆ ತಾಳಿಕೆ ಹುಟ್ಟಿನಿಂದಲೇ ಬಂದದ್ದಾದರೆ, ಮುಂದಿನ ಪೀಳಿಗೆಗಳಲ್ಲಿ ಅಂಥವೇ ಹೆಚ್ಚುತ್ತ ಹೋಗುತ್ತವೆ. ಸಮುದ್ರ ಬದಲಾದಂತೆ ಮೀನೂ ಬದಲಾಗುವ ದಾರಿ ಅದು. ಮರಿಮರಿಗೆ ವ್ಯತ್ಯಾಸವೇ ಇಲ್ಲದಿದ್ದರೆ ಆ ದಾರಿಯೂ ಇಲ್ಲ.

ಹಾಗಾಗಿ ಪ್ರತಿ ಜೋಡಿಯ ಮೊಟ್ಟೆಯನ್ನೂ ಎರಡು ಪಾಲು ಮಾಡುತ್ತೇನೆ. ಒಂದು ಪಾಲು ಮಾಮೂಲು ನೀರಿಗೆ. ಇನ್ನೊಂದು, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಬರುವ ತೊಟ್ಟಿಗೆ. ಅದನ್ನು ನಾವು ಹುಳಿ ತೊಟ್ಟಿ ಅನ್ನುತ್ತೇವೆ. ಆ ತೊಟ್ಟಿಯ ಆಮ್ಲತೆ ಹಗಲಿರುಳು ಒಂದೇ ಗೆರೆಯ ಮೇಲೆ ನಿಲ್ಲಬೇಕು. ಅದನ್ನು ಹಾಗೆ ನಿಲ್ಲಿಸುವುದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಕಳೆದ ವರ್ಷ ಒಂದಾದ ಮೇಲೊಂದು ಜೋಡಿಯ ಮೊಟ್ಟೆಗಳು ಹುಳಿ ತೊಟ್ಟಿಯಲ್ಲಿ ಬೆಳ್ಳಗಾಗಿ ಸತ್ತವು. ದಸರೆಯ ಹೊತ್ತಿಗೆ ಮೊಟ್ಟೆ ಇಡಬೇಕಾದದ್ದು ಒಂದೇ ಜೋಡಿ ಉಳಿದಿತ್ತು. ನನ್ನ ಮಾರ್ಗದರ್ಶಕರು ಗಟ್ಟಿ ಮಾತಾಡುವವರಲ್ಲ. ತೊಟ್ಟಿಯ ಮುಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತ, "ಇದೂ ಆಗ್ಲಿಲ್ಲ ಅಂದ್ರೆ ವಿಷಯ ಬದಲಾಯಿಸ್ಬಿಡೋಣಮ್ಮ. ಕೆರೆ ಮೀನು ತಗೊಳ್ಳಿ. ಬೇಗ ಮುಗಿಯುತ್ತೆ," ಅಂದರು. ನಾನು ಆಗಲಿ ಸರ್ ಅಂದೆ. ಕೆರೆ ಮೀನಿನ ಮೇಲೆ ನನಗೆ ಕೋಪವಿಲ್ಲ. ಆದರೆ ಅಂದು ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಆ ಜೋಡಿ ಮೊಟ್ಟೆ ಇಟ್ಟಿತು. ಎಂದಿನಂತೆ ಎರಡು ಪಾಲು ಮಾಡಿ ಒಂದನ್ನು ಹುಳಿ ತೊಟ್ಟಿಗೆ ಇಳಿಸಿದೆ.

ಪೂಜೆಯ ಬೆಳಿಗ್ಗೆ ಪ್ರಯೋಗಾಲಯ ಗುರುತು ಸಿಗದಷ್ಟು ಹೊಳೆಯುತ್ತಿತ್ತು. ನಮ್ಮಲ್ಲಿರುವ ಒಬ್ಬರೇ ಸಹಾಯಕರು ಹಿಂದೆ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ದುಡಿದವರು, ಈ ಹಬ್ಬ ಅವರದೇ. ಸೂಕ್ಷ್ಮದರ್ಶಕಕ್ಕೆ ವಿಭೂತಿ, ತಕ್ಕಡಿಗೆ ಕುಂಕುಮ, ಫ್ರಿಜ್ಜಿಗೆ ಬಾಳೆಕಂದು. ಆಮ್ಲತೆ ಅಳೆಯುವ ಮೀಟರಿನ ತುದಿಗೆ ಚೆಂಡುಹೂ ಸಿಕ್ಕಿಸಲು ಹೊರಟಾಗ ನಾನು ತಡೆದೆ.

"ಅದೊಂದು ಬೇಡಿ, ಪ್ಲೀಸ್."

"ಯಾಕ್ ಮೇಡಮ್, ಅದು ಕೆಲ್ಸ ಮಾಡಲ್ವಾ?"

"ಮಾಡುತ್ತೆ. ಅದಕ್ಕೇ ಬೇಡ."

"ನಮ್ ಫ್ಯಾಕ್ಟ್ರೀಲಿ ಇವತ್ತು ಒಂದು ಸ್ಪ್ಯಾನರ್ ಎತ್ತಿದ್ರೂ ಬಯ್ಯೋರು. ವರ್ಸಕ್ಕೊಂದಿನ ಅವಕ್ಕೂ ರೆಸ್ಟ್ ಬ್ಯಾಡ್ವಾ?"

ಮೀನಿಗೆ ಗಾಳಿ ಕೊಡುವ ಪಂಪನ್ನು ಮಾತ್ರ ಆರಿಸಬೇಡಿ ಅಂದೆ. "ಅಯ್ಯೋ, ಗಾಳಿ ನಿಲ್ಸೋಕಾಗುತ್ತಾ, ಜೀವ ಕಣಮ್ಮ ಅದು," ಅಂದರು. ಪುರಿ, ಕಡಲೆ, ಸಿಹಿ ಹಂಚಿಕೊಂಡು ನಾನು ಕುಂಬಾರಕೊಪ್ಪಲಿನ ಮನೆಗೆ ಹೊರಟೆ.

ಸಂಜೆ ಅಮ್ಮ ನನ್ನ ಸ್ಕೂಟರಿಗೆ ಆರತಿ ಎತ್ತಲು ಓಕುಳಿ ಕಲಸುತ್ತಿದ್ದಳು. ನೀರಿಗೆ ಅರಿಸಿನ, ಮೇಲೆ ಚಿಟಿಕೆ ಸುಣ್ಣ, ಕೂಡಲೇ ಕೆಂಪು. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಅಮ್ಮ ಮೀನನ್ನು ಮುಟ್ಟಿದವಳಲ್ಲ, ಮಗಳು ಮೀನಿನ ಡಾಕ್ಟರ್ ಆಗುವುದನ್ನು ನೆಂಟರಿಗೆ ಹೇಳುವಾಗ ದನಿ ತಗ್ಗಿಸುತ್ತಾಳೆ.

"ಅಲ್ಲ ಕಣೇ, ಅಷ್ಟು ದೊಡ್ಡ ಸಮುದ್ರ ಹುಳಿಯಾಗುತ್ತೆ ಅಂದ್ರೆ ಯಾರು ನಂಬ್ತಾರೆ?" ಅಂದಳು.

ಒಂದು ಲೋಟದಲ್ಲಿ ಸ್ವಲ್ಪ ಓಕುಳಿ ತೆಗೆದುಕೊಂಡು, ಎಳನೀರು ಕುಡಿಯುವ ಕೊಳವೆಯಿಂದ ಅದರೊಳಗೆ ಊದಿದೆ. ಉಸಿರಿನಲ್ಲಿರುವುದೂ ಅದೇ ಅನಿಲ. ಕೆನ್ನೆ ನೋಯುವವರೆಗೆ ಊದಿದ ಮೇಲೆ ಕೆಂಪು ಮಾಸಿ ಹಳದಿಗೆ ತಿರುಗಿತು. ಸಮುದ್ರ ಇಷ್ಟು ದೂರ ಹೋಗುವುದಿಲ್ಲ, ಇದೇ ದಿಕ್ಕಿಗೆ ಒಂದಿಷ್ಟು ಸರಿಯುತ್ತದೆ ಅಂದೆ. ಅಮ್ಮ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಬರೀ ಉಸಿರಿಗಾ?"

"ಬರೀ ಉಸಿರಿಗೆ."

"ಸರಿ, ಮೀನು ಮುಟ್ಟಿದ ಕೈಲಿ ಆರತಿ ತಟ್ಟೆ ಮುಟ್ಬೇಡ. ಈ ಲೋಟ ನೀನೇ ತೊಳಿ."

ವಿಜಯದಶಮಿಯಂದು ಪ್ರಯೋಗಾಲಯಕ್ಕೆ ರಜೆ. ಮೆರವಣಿಗೆಗೆ ರಸ್ತೆ ಮುಚ್ಚುವ ಮೊದಲೇ ನಾನು ಸುತ್ತುದಾರಿಯಲ್ಲಿ ಹೋದೆ. ಬೀಗ ತೆಗೆದಾಗ ಪಂಪಿನ ಸದ್ದು ಕೇಳಿ ಸಮಾಧಾನವಾಯಿತು. ಆಮೇಲೆ ಸಿಲಿಂಡರ್ ಕಣ್ಣಿಗೆ ಬಿತ್ತು. ಅದರ ಕುತ್ತಿಗೆಗೆ ದಪ್ಪ ಸೇವಂತಿಗೆ ಹಾರ, ಹೊಟ್ಟೆಗೆ ಮೂರು ಪಟ್ಟೆ ವಿಭೂತಿ. ಹಾರದ ಅಡಿಯಲ್ಲಿ ವಾಲ್ವನ್ನು ಬಿಗಿಯಾಗಿ ಮುಚ್ಚಲಾಗಿತ್ತು.

ಮೀಟರನ್ನು ಹುಳಿ ತೊಟ್ಟಿಗೆ ಇಳಿಸಿದೆ. ನೀರು ಪೂರ್ತಿ ಮಾಮೂಲಿಗೆ ಮರಳಿತ್ತು. ಸಹಾಯಕರಿಗೆ ಫೋನ್ ಮಾಡಿದೆ.

"ಸಿಲಿಂಡರ್ ಆಫ್ ಮಾಡಿದ್ರಾ?"

"ಹೂಂ ಮೇಡಮ್, ನೀವು ಹೋದ್ಮೇಲೆ ಹಾರ ಹಾಕಿ ಆಫ್ ಮಾಡ್ಬುಟ್ಟೆ. ಪಂಪು ಮುಟ್ಟಿಲ್ಲ, ನೀವು ಹೇಳಿದ್ರಲ್ಲ." ಆಮೇಲೆ ಅವರ ದನಿ ತಗ್ಗಿತು. "ಸತ್ತೋದ್ವಾ?"

ನೋಡುತ್ತೇನೆ ಅಂದೆ. ನಿಜಕ್ಕೂ ನಾನಿನ್ನೂ ಮೊಟ್ಟೆಗಳನ್ನು ನೋಡಿರಲಿಲ್ಲ, ಮೀಟರನ್ನೇ ನೋಡುತ್ತಿದ್ದೆ. ಟಾರ್ಚ್ ಹಿಡಿದು ಬಗ್ಗಿದೆ. ಬೆಳ್ಳಗಾದವು ಕೆಲವು. ಉಳಿದವು ತಿಳಿಯಾಗಿದ್ದವು, ಒಳಗೆ ಕಪ್ಪು ಕಣ್ಣುಗಳು ಮೂಡಿದ್ದವು. ಹುಳಿ ತೊಟ್ಟಿಯಲ್ಲಿ ಕಣ್ಣು ಮೂಡಿದ ಮೊಟ್ಟೆಯನ್ನು ನಾನು ಅಷ್ಟು ಸಂಖ್ಯೆಯಲ್ಲಿ ಕಂಡದ್ದು ಅದೇ ಮೊದಲು.

ಮಾರ್ಗದರ್ಶಕರು ಫೋನಿನಲ್ಲಿ, "ಹೋಗ್ಲಿ ಬಿಡಿ, ಅದು ಕೆಟ್ಟ ಲೆಕ್ಕ. ತೆಗೆದುಬಿಡಿ," ಅಂದರು. ನಿಯಮದ ಪ್ರಕಾರ ಅವರ ಮಾತು ಸರಿ. ಆದರೆ ತೊಟ್ಟಿ ಖಾಲಿ ಮಾಡಲು ಕೈ ಬರಲಿಲ್ಲ. ಆ ಮೊಟ್ಟೆಗಳ ತಂದೆತಾಯಿ ಬಂದ ಅಳಿವೆಯನ್ನು ನೆನೆಸಿಕೊಂಡೆ. ಅಲ್ಲಿ ಹಗಲು ಪಾಚಿ, ನೀರುಗಿಡಗಳು ಆ ಅನಿಲವನ್ನು ಹೀರುತ್ತವೆ, ಇರುಳು ಎಲ್ಲ ಜೀವಿಗಳೂ ಉಸಿರು ಬಿಡುತ್ತಲೇ ಇರುತ್ತವೆ. ನೀರು ಹುಳಿಯಾಗುತ್ತದೆ, ತಿಳಿಯಾಗುತ್ತದೆ, ಮತ್ತೆ ಹುಳಿಯಾಗುತ್ತದೆ. ಒಂದೇ ಗೆರೆಯ ಮೇಲೆ ನಿಲ್ಲುವ ನೀರು ಕರಾವಳಿಯಲ್ಲಿ ಎಲ್ಲೂ ಇಲ್ಲ, ನನ್ನ ತೊಟ್ಟಿಯಲ್ಲಿ ಮಾತ್ರ ಇತ್ತು. ಪುಸ್ತಕದಲ್ಲಿ ಓದಿದ್ದೇ. ಆದರೆ ಆ ಬೆಳಿಗ್ಗೆಯವರೆಗೂ ಅದನ್ನು ನನ್ನ ತೊಟ್ಟಿಗೆ ಹೊಂದಿಸಿ ಯೋಚಿಸಿರಲಿಲ್ಲ. ಮುಂದಿನ ಸಮುದ್ರದಲ್ಲಿ ಗೆಲ್ಲುವುದು ಹುಳಿಯನ್ನು ತಾಳುವ ಮರಿಯೋ, ಹುಳಿಗೂ ತಿಳಿಗೂ ನಡುವಿನ ಓಡಾಟವನ್ನು ತಾಳುವ ಮರಿಯೋ? ಅದು ಬೇರೆಯೇ ಪ್ರಶ್ನೆ.

ವಾಲ್ವನ್ನು ನಿಧಾನವಾಗಿ ತೆರೆದೆ. ಸಂಜೆಗೆ ನೀರು ಹುಳಿಯಾಯಿತು, ಮಾರನೆಯ ಬೆಳಿಗ್ಗೆ ಮತ್ತೆ ಮುಚ್ಚಿದೆ. ಹಾಗೇ ಮುಂದುವರಿಸಿದೆ. ಮೊಟ್ಟೆ ಒಡೆದವು. ಮರಿಗಳು ಮೊದಲು ಮೊಟ್ಟೆಯಿದ್ದ ಮಡಕೆ ಚೂರಿಗೇ ಅಂಟಿಕೊಂಡು ಬಾಲ ಅಲ್ಲಾಡಿಸುತ್ತಿದ್ದವು. ಒಂದು ಬೆಳಿಗ್ಗೆ ಬಂದಾಗ ಚೂರು ಬರಿದಾಗಿತ್ತು. ಟಾರ್ಚಿನ ಬೆಳಕನ್ನು ಮೇಲಕ್ಕೆ ತಿರುಗಿಸಿದರೆ, ನೀರಿನ ನಡುವೆ ಸಾಸಿವೆ ಚೆಲ್ಲಿದ ಹಾಗೆ ಒಂದು ಹಿಂಡು, ಪ್ರತಿ ಸಾಸಿವೆಗೂ ಒಂದು ಬಾಲ. ನಾನು ನಗುತ್ತಿದ್ದೆ ಅಂತ ಗೊತ್ತಾದದ್ದು ಹಿಂದೆ ಸಹಾಯಕರು ಬಂದು ನಿಂತು, "ಓ, ನಗಾಕೂ ಬತ್ತದಾ ನಿಮ್ಗೆ," ಅಂದಾಗ.

ಮಾರ್ಗದರ್ಶಕರು ಬಂದು ಬಹಳ ಹೊತ್ತು ಬಗ್ಗಿ ನೋಡಿದರು.

"ಇದರಿಂದ ಏನೂ ಸಾಬೀತಾಗಲ್ಲ, ಗೊತ್ತಲ್ಲ?"

"ಗೊತ್ತು ಸರ್. ಈ ಜೋಡಿಯ ಗುಣವೋ, ಗ್ಯಾಸ್ ನಿಂತಿದ್ದರ ಫಲವೋ, ಹೇಳೋಕಾಗಲ್ಲ. ಇದೇ ಜೋಡಿ ಮತ್ತೆ ಮೊಟ್ಟೆ ಇಡುತ್ತೆ. ಆಗ ಮೂರು ಪಾಲು ಮಾಡಬೇಕು. ಮಾಮೂಲು ನೀರು, ಒಂದೇ ಸಮ ಹುಳಿ, ಏರಿಳಿಯೋ ಹುಳಿ. ಆಮೇಲೆ ಬೇರೆ ಬೇರೆ ಅಳಿವೆಗಳಿಂದ ಜೋಡಿಗಳನ್ನ ತಂದು ಹೀಗೇ ಮಾಡಬೇಕು." ಅಷ್ಟು ಉದ್ದದ ಮಾತನ್ನು ನಾನು ಅವರ ಮುಂದೆ ಒಂದೇ ಉಸಿರಿಗೆ ಹೇಳಿದ್ದು ಅದೇ ಮೊದಲು.

"ಗ್ಯಾಸ್ ಯಾಕೆ ನಿಂತಿತ್ತು ಅಂತ ಬರೀತೀರ?"

"ಆಯುಧಪೂಜೆ ಅಂತ ಬರೀತೀನಿ."

ಸಹಾಯಕರು ಗೋಡೆಯ ಕಡೆ ತಿರುಗಿಕೊಂಡರು. ಮಾರ್ಗದರ್ಶಕರು ನಕ್ಕೇ ಬಿಟ್ಟರು. ಕೆರೆ ಮೀನಿನ ಮಾತು ಬರಲೇ ಇಲ್ಲ. ಕೋಣೆಯನ್ನೆಲ್ಲ ಒಮ್ಮೆ ನೋಡಿ, "ಮೂರನೇ ತೊಟ್ಟಿಗೆ ಇಲ್ಲಿ ಜಾಗ ಎಲ್ಲಿದೆ?" ಅಂತ ಕೇಳಿದರು.

ಇರಲಿಲ್ಲ. ಪಕ್ಕದಲ್ಲೇ ಅವರ ಕೋಣೆಯಲ್ಲಿ ಹಳೆಯ ಉತ್ತರಪತ್ರಿಕೆ ತುಂಬಿದ ಒಂದು ಕಬ್ಬಿಣದ ಬೀರು ಇತ್ತು. ಅದನ್ನು ತೆಗೆದರೆ ತೊಟ್ಟಿಗೆ ಜಾಗವಾಗುತ್ತದೆ ಅಂತ ಅವರೇ ಅದರತ್ತ ಕೈ ತೋರಿಸಿದರು. ಒಂದು ಕಡೆ ಸಹಾಯಕರು, ಇನ್ನೊಂದು ಕಡೆ ನಾನು ಹಿಡಿದು ಅದನ್ನು ವರಾಂಡಕ್ಕೆ ತಳ್ಳತೊಡಗಿದೆವು. ಅದರ ಕಾಲುಗಳು ನೆಲಕ್ಕೆ ಉಜ್ಜಿ ಕಿರುಚುತ್ತಿದ್ದವು, ಪಕ್ಕದ ತರಗತಿಯಿಂದ ಯಾರೋ ಬಂದು ಇಣುಕಿದರು. ನಾವು ನಿಲ್ಲಿಸಲಿಲ್ಲ.