ರಾಬಿಯಾಳ ಕರಾರು

ಇವತ್ತು ಬೆಳಿಗ್ಗೆ ಹಳೆಯ ಕ್ಯಾಮೆರಾ ಚೀಲವನ್ನು ಬಿಸಿಲಿಗೆ ಹಾಕಿದೆ. ಗದ್ದೆಯ ಕೆಸರಿನ ವಾಸನೆ ಇನ್ನೂ ಬಿಟ್ಟಿಲ್ಲ. ಒಂದು ಸಲ ಸಿಂಧನೂರಿನ ಕಡೆ ನಾಟಿ ಗದ್ದೆಯಲ್ಲಿ ಚೀಲದ ಸಮೇತ ಜಾರಿ ಬಿದ್ದಿದ್ದೆ. ಕ್ಯಾಮೆರಾ ಉಳಿಯಿತು, ಏಕೆಂದರೆ ಅದು ರಾಬಿಯಾಳ ಕೈಯಲ್ಲಿತ್ತು.

ರಾಬಿಯಾ ಮತ್ತು ನಾನು ಇಪ್ಪತ್ತು ವರ್ಷಗಳಿಂದ ಜೊತೆಯಾಗಿ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಮಸ್ಕಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ ನಮ್ಮ ಆಫೀಸು. ಅವಳದು ಕ್ಯಾಮೆರಾ, ನನ್ನದು ಬಾಯಿ. ಗುರುಗುಂಟಾದ ಕುರಿಗಾರರು, ಕಾಲುವೆಯ ಕೊನೆಯ ಊರುಗಳ ಕುಡಿಯುವ ನೀರು, ಕೂಲಿ ಹೆಣ್ಣುಮಕ್ಕಳ ಬೆನ್ನುನೋವು, ಇಂಥವೇ ನಮ್ಮ ಚಿತ್ರಗಳು. ಇವನ್ನು ಟಿಕೆಟ್ ಕೊಂಡು ನೋಡುವವರಿಲ್ಲ, ಅದಿರಲಿ. ನನ್ನ ಹೆಂಡತಿಯೇ ಒಂದನ್ನೂ ಪೂರ್ತಿ ನೋಡಿಲ್ಲ.

ರಾಬಿಯಾಳದು ಒಂದೇ ಕರಾರು. ಚಿತ್ರದಲ್ಲಿ ಯಾರ ಮುಖವಿದೆಯೋ ಅವರೇ ಮೊದಲು ನೋಡಬೇಕು. ಅವರು ಬೇಡವೆಂದದ್ದನ್ನು ಅವರೆದುರೇ ಅಳಿಸಬೇಕು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದು ನನಗೆ ಸುಲಭ.

ತುರ್ವಿಹಾಳದ ಹನುಮವ್ವ ನಾಟಿ ಕೂಲಿಗೆ ಹೋಗುತ್ತಿದ್ದವಳು. ಬೇರೊಂದು ಊರಿನ ಗದ್ದೆಯವರು ಅವಳ ಜಾತಿಯವರಿಗೆ ಬೇರೆ ಲೋಟ ಇಟ್ಟು, ಮೇಲಿನಿಂದ ಚಹಾ ಸುರಿಯುತ್ತಿದ್ದುದನ್ನು ನಮಗೆ ಹೇಳಿದ್ದಳು. ಹೇಳುತ್ತಾ ಖಾಲಿ ಕೈಯಲ್ಲೇ ಲೋಟ ಹಿಡಿದು ತೋರಿಸಿದಳು.

ಚಿತ್ರ ತೋರಿಸಿದ ದಿನ ಅವಳು, "ಆ ಮಾತು ತೆಗೀರಿ. ನನ್ನ ಮಗಳು ಅದ ಊರಾಗ ಟೀಚರ್ ಆಗ್ಯಾಳ. ಆಕಿಗೆ ತ್ರಾಸ ಆಕ್ಕೈತಿ" ಎಂದಳು. ನಾನು ವಾದಿಸಿದೆ. ರಾಬಿಯಾ ಅಳಿಸಿದಳು. ಹನುಮವ್ವ ಪರದೆಯನ್ನೇ ನೋಡುತ್ತಿದ್ದು, ಹೋಯಿತೆಂದು ಖಾತ್ರಿಯಾದ ಮೇಲೆ ಉಸಿರು ಬಿಟ್ಟಳು.

ಅದರ ಇನ್ನೊಂದು ಪ್ರತಿ ನನ್ನ ಟ್ರಂಕಿನಲ್ಲಿತ್ತು. ಕಳ್ಳನಿಗೊಂದು ಪಿಳ್ಳೆ ನೆವ; ಇಂಥ ಮಾತು ಮುಂದಿನವರಿಗೆ ಉಳಿಯಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನೀವಾಗಿದ್ದರೂ ಇಡುತ್ತಿದ್ದಿರೇನೋ, ಗೊತ್ತಿಲ್ಲ.

ಹತ್ತು ವರ್ಷದ ಮೇಲೆ, ಹೋದ ವಾರ, ಹನುಮವ್ವನ ಫೋನ್ ಬಂತು. "ಮಗಳಿಗೆ ಲಿಂಗಸುಗೂರಿಗೆ ವರ್ಗ ಆಗೇತ್ರಿ. ಈಗ ನಂಗ ಅಂಜಿಕಿಲ್ಲ. ಆ ಮಾತು ಹಾಕ್ರಿ."

"ಅಳಿಸೀವಲ್ಲವ್ವಾ" ಎಂದಳು ರಾಬಿಯಾ, ಬೇಸರದಿಂದ.

ನಾನು ಒಳಗೇ ಹಿಗ್ಗಿದೆ. ನನ್ನ ಕಳ್ಳತನಕ್ಕೆ ಶಾಲು ಹೊದಿಸುವ ಕಾಲ ಬಂತೆಂದು ಟ್ರಂಕಿನಿಂದ ಡಿಸ್ಕ್ ತಂದು ರಾಬಿಯಾಳ ಮುಂದಿಟ್ಟೆ. ಅವಳು ಅದನ್ನೆತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಮರುದಿನ ತುರ್ವಿಹಾಳದ ಬಸ್ಸಿನಲ್ಲಿ ನನ್ನನ್ನು ಬಿಟ್ಟು ಮುಂದಿನ ಸೀಟಿನಲ್ಲಿ ಕೂತಳು.

ಹನುಮವ್ವ ಲ್ಯಾಪ್‌ಟಾಪಿನಲ್ಲಿ ತನ್ನನ್ನು ತಾನು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

"ಅಂದ್ರ, ಆವತ್ತು ಅಳಿಸಿದಂಗ ಮಾಡಿದ್ರೇನ್ರೀ ಸರ?"

ಇನ್ನೊಂದು ಪ್ರತಿ ನನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ ಎಂದೆ.

"ಅದು ಹೋಗೇತಿ ಅಂತ ಹತ್ತು ವರ್ಷ ಕಣ್ಣತುಂಬ ನಿದ್ದಿ ಮಾಡೀನಿ. ನನ್ನ ಮಗಳ ನೌಕ್ರಿ ನಿಮ್ಮ ಟ್ರಂಕಿನ್ಯಾಗ ಇತ್ತೇನು?"

ತಪ್ಪಾಯಿತು ಎಂದೆ. ಕಣ್ಣಲ್ಲಿ ನೀರು ಬಂತು. ನಿಮ್ಮ ಹತ್ತಿರ ಮುಚ್ಚಿಡುವುದೇನು.

"ಅಳಸ್ರಿ ಅದನ್ನ. ನಾ ಹೊಸದಾಗಿ ಹೇಳ್ತೀನಿ."

ಈ ಸಲ ನಾನೇ ಅಳಿಸಿದೆ. ರಾಬಿಯಾ ಕ್ಯಾಮೆರಾ ಹಚ್ಚಿ, ನನ್ನ ಕಡೆ ಮೈಕು ಚಾಚಿದಳು. "ಹಿಡಿ ಭಾಯ್. ಪ್ರಶ್ನಿ ಕೇಳಬ್ಯಾಡ." ಡಿಸ್ಕ್ ನೋಡಿದ ಮೇಲೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ನನಗೆ ಹೋದ ಜೀವ ಬಂದಂತಾಯಿತು.

ಹನುಮವ್ವ ಹೇಳತೊಡಗಿದಳು. ಹಿಂದಿನ ಸಲ ಹೇಳದ ಸಂಗತಿಯೊಂದು ಈಗ ಬಂತು. ಒಂದು ದಿನ ಅವಳು ಆ ಲೋಟವನ್ನು ಕಾಲುವೆಗೆ ಎಸೆದು, ಅರ್ಧ ಕೂಲಿ ಬಿಟ್ಟು ಮನೆಗೆ ಬಂದಿದ್ದಳಂತೆ. ಹೇಳಿ ನಕ್ಕಳು. ಅಂದು ನಾನು ಕೇಳಿದ್ದ ಪ್ರಶ್ನೆಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮುಗಿದ ಮೇಲೆ ರಾಬಿಯಾ ಕ್ಯಾಮೆರಾದ ಕಾರ್ಡು ತೆಗೆದು ಅವಳ ಅಂಗೈಯಲ್ಲಿಟ್ಟಳು. "ನಿನ್ನ ಮಾತು ಇದರಾಗ ಐತಿ. ನಿನ್ನ ಕಡೇನ ಇರ್ಲವ್ವಾ. ಮಗಳನ್ನೂ ಕೇಳು. ಆಮ್ಯಾಲ ಫೋನ್ ಮಾಡು." ಹನುಮವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಫೋನ್ ಇನ್ನೂ ಬಂದಿಲ್ಲ. ಬಾರದಿದ್ದರೆ ಆ ಮಾತು ಅವಳ ಸೆರಗಿನಲ್ಲೇ ಉಳಿಯುತ್ತದೆ, ಉಳಿಯಲಿ. ನನ್ನ ಹತ್ತಿರ ಪ್ರತಿ ಇಲ್ಲ.