ಸಾಂಬಾರ್ ಪಾತ್ರೆಯಲ್ಲಿ ಬೆಂದ ಯೋಯೋ

ಕೊರೊನಾ ಕಳೆದ ಎರಡನೇ ಬೇಸಿಗೆ. ಆಗ ನವಿ ಮುಂಬಯಿಯ ತುರ್ಭೆಯಲ್ಲಿ ನನ್ನದೊಂದು ಆನೊಡೈಸಿಂಗ್ ವರ್ಕ್‌ಶಾಪ್ ಇತ್ತು. ಈಗ ಮಾರಿದ್ದೇನೆ, ಒಳ್ಳೆಯ ರೇಟಿಗೇ. ಅಲ್ಯೂಮಿನಿಯಂ ಮೇಲೆ ವಿದ್ಯುತ್ತಿನಿಂದ ಗಟ್ಟಿ ಪದರ ಬೆಳೆಸಿ, ಅದಕ್ಕೆ ಬಣ್ಣ ಕುಡಿಸುವ ಕೆಲಸವದು. ಹಳೆಯ ಪದರ ತೆಗೆಯಬೇಕಾದರೆ ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಅದ್ದುತ್ತಿದ್ದೆವು. ಆ ಟ್ಯಾಂಕಿನ ಮುಂದೆ ಹದಿನೆಂಟು ವರ್ಷ ನಿಂತವನು ಕಲಬುರಗಿ ಕಡೆಯ ಶರಣಪ್ಪ.

ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ದಾಮೋದರಣ್ಣ ನಮ್ಮ ಉಡುಪಿ ಕಡೆಯವರು. ಒಂದು ದಿನ ಫೋನ್ ಮಾಡಿದರು. ದಾರಕ್ಕೆ ಕಟ್ಟಿ ಆಡಿಸುವ ಮಗಳು ಪ್ರತೀಕ್ಷಾಳ ಕೆಂಪು ಅಲ್ಯೂಮಿನಿಯಂ ಯೋಯೋ ಸ್ಪರ್ಧೆಗೆ ಮುಂಚೆ ನೀಲಿ ಆಗಬೇಕಂತೆ. ಒಂದೇ ಪೀಸಿಗಾಗಿ ಬೇರೆ ಮಾಲು ನಿಲ್ಲಿಸಿ ಕಾಸ್ಟಿಕ್ ಟ್ಯಾಂಕ್ ಕಟ್ಟಿಹಾಕುವವನು ನಾನಲ್ಲ.

"ನೀಲಿ ನಾನು ಹಾಕಿಸ್ತೇನೆ, ಕೆಂಪು ನೀವೇ ತೆಗೀರಿ. ಬೇರಿಂಗ್ ಬಿಚ್ಚಿ, ಕಾಸ್ಟಿಕ್ ನೀರಲ್ಲಿ ಎರಡು ನಿಮಿಷ. ಅಷ್ಟೇ."

"ಕಾಸ್ಟಿಕ್ ನನಗೆ ಕಲಿಸ್ತೀಯಾ ಮಾರಾಯ? ಹೋಟೆಲಿನ ಮೋರಿಗೆ ಎಷ್ಟು ವರ್ಷದಿಂದ ಸುರೀತಿದ್ದೇನೆ!"

ಇಬ್ಬರೂ ನಕ್ಕೆವು.

ಆ ಭಾನುವಾರ ಉಲ್ಹಾಸನಗರಕ್ಕೆ ಮಾಲು ತಲುಪಿಸಿ, ಶರಣಪ್ಪನೊಂದಿಗೆ ಅವರ ಮನೆಗೆ ಹೋದೆ. ಅಡುಗೆಮನೆಯ ತುಂಬ ಮೂಗು ಸುಡುವ ಹಬೆ. ದಾಮೋದರಣ್ಣ ಹೋಟೆಲಿನ ಹಳೆಯ ಸಾಂಬಾರ್ ಪಾತ್ರೆಗೆ ಕುದಿನೀರು ಹೊಯ್ದು, ಕಾಸ್ಟಿಕ್ ಸುರಿದು, ಯೋಯೋ ಹಾಕಿ, ಮುಚ್ಚಳ ಮುಚ್ಚಿದ್ದರು. ಪಾತ್ರೆಯೂ ಅಲ್ಯೂಮಿನಿಯಮ್ಮೇ. ಯೋಯೋ ತಿನ್ನುವ ನೀರು ಪಾತ್ರೆಯನ್ನು ಬಿಟ್ಟೀತೇ? ಮುಚ್ಚಳ ಧಡಧಡ ಕುಣಿಯುತ್ತಿತ್ತು.

"ಮುಟ್ಟಬ್ಯಾಡ್ರೀ!" ಎಂದು ಶರಣಪ್ಪ ಕಿರುಚುವಷ್ಟರಲ್ಲಿ ದಾಮೋದರಣ್ಣ ಮುಚ್ಚಳ ಎತ್ತಿಬಿಟ್ಟರು. ಕುದಿಯುವ ಬೂದು ನೊರೆ ಸಿಡಿದು ಮುಖಕ್ಕೇ ಬಡಿಯಿತು.

ಅಂಥ ಅರಚಾಟ ನಾನು ಕೇಳಿರಲಿಲ್ಲ. ಅವರ ಹೆಂಡತಿ ಮುಖಕ್ಕೆ ಎರಚಲು ಹುಳಿಮಜ್ಜಿಗೆ ಹಿಡಿದು ಓಡಿಬಂದರು. ಶರಣಪ್ಪ ಆ ಮಜ್ಜಿಗೆ ಪಾತ್ರೆಯನ್ನು ತಳ್ಳಿಹಾಕಿ, ದಾಮೋದರಣ್ಣನ ಕತ್ತು ಹಿಡಿದು ಬಾತ್‌ರೂಮಿಗೆ ಎಳೆದೊಯ್ದು, ಧಾರೆ ಬಿಡುವ ನಲ್ಲಿಯ ಕೆಳಗೆ ತಲೆಯೊತ್ತಿ, ಬೆರಳಿನಿಂದ ರೆಪ್ಪೆ ಬಿಡಿಸಿದ. ಅವರು ಒದ್ದರು, ಪರಚಿದರು, ತುಳುವಿನಲ್ಲಿ ಬೈದರು. ಒಮ್ಮೆ ಮೊಣಕೈ ಬೀಸಿದ್ದಕ್ಕೆ ಶರಣಪ್ಪನ ಮುಂದಿನ ಹಲ್ಲು ಮುರಿದು ರಕ್ತ ನೀರಿಗೆ ಬೆರೆಯಿತು. ಹಿಡಿತ ಸಡಿಲಿಸಲಿಲ್ಲ.

"ಛೋಡೋ! ಪಪ್ಪಾ ಮರ್ ಜಾಯೇಂಗೆ!" ಬಿಡು, ಪಪ್ಪಾ ಸತ್ತುಹೋಗ್ತಾರೆ ಎಂದು ಹಿಂದಿಯಲ್ಲಿ ಚೀರುತ್ತ ಪ್ರತೀಕ್ಷಾ ಶರಣಪ್ಪನ ಬೆನ್ನಿಗೆ ಗುದ್ದುತ್ತಿದ್ದಳು. ಐದು ನಿಮಿಷವಾಗಿತ್ತು. ನನಗೂ ಸಾಕೆನಿಸಿ ಅವನ ಕಾಲರ್ ಹಿಡಿದು ಜಗ್ಗಿದೆ.

"ಸೇಠ್, ಗಡಿಯಾರ ನೋಡ್ರಿ. ಅರ್ಧ ತಾಸು ಆಗೂತನಕ ಬಿಡಂಗಿಲ್ಲ. ಬೇಕಾದ್ರ ನಾಳೆ ಕೆಲಸದಿಂದ ತೆಗೀರಿ."

ಅರ್ಧ ಗಂಟೆಯ ನಂತರವೇ ಆಸ್ಪತ್ರೆಗೆ ಕರೆದೊಯ್ದೆವು. ಐದು ನಿಮಿಷಕ್ಕೇ ಬಿಟ್ಟಿದ್ದರೆ ಎರಡೂ ಕಣ್ಣು ಹೋಗುತ್ತಿದ್ದವು ಎಂದರು ಡಾಕ್ಟರ್.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ದಾಮೋದರಣ್ಣ ಮೊದಲು ಕಂಡದ್ದು ಶರಣಪ್ಪನನ್ನು. "ಹಲ್ಲಿಗೆ ಎಂತ ಆಯ್ತು ಮಾರಾಯ?"

"ನಿಮ್ಮ ಮೊಣಕೈಗೆ ಕೇಳ್ರಿ."

ದಾಮೋದರಣ್ಣ ನಗಲು ಹೋಗಿ ಅತ್ತರು.

ನಮ್ಮ ಟ್ಯಾಂಕ್ ಪ್ಲಾಸ್ಟಿಕ್ಕಿನದಾಗಿತ್ತು. ಅದಕ್ಕೇ ಪಾತ್ರೆಯ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಪ್ಲಾಸ್ಟಿಕ್ ಬಕೆಟ್, ತಣ್ಣೀರು, ಕನ್ನಡಕ, ಗ್ಲೌಸ್: ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಆಮೇಲೆ, ವರ್ಕ್‌ಶಾಪ್ ಮಾರುವವರೆಗೂ, ಯಾರಾದರೂ ಸಲಹೆ ಕೇಳಿದರೆ ಮೊದಲು ಕೇಳುತ್ತಿದ್ದುದು ಒಂದೇ: ಯಾವ ಪಾತ್ರೆಯಲ್ಲಿ ಮಾಡ್ತೀರಿ? ಉತ್ತರ ಬಾರದಿದ್ದರೆ, ಆ ಒಂದೇ ಪೀಸಿಗೆ ಟ್ಯಾಂಕ್ ಕಟ್ಟಿಹಾಕುವುದೇ ಅಗ್ಗ ಎನಿಸುತ್ತಿತ್ತು.